ಫೈಟರ್ ಮೀನಿನ ಜೊತೆ ಬೇರೆ ಯಾವ ಮೀನು ಬಿಡಬಹುದು? ಒಂದೂವರೆ ಅಡಿ ಟ್ಯಾಂಕ್, ಚಿಕ್ಕಮಗಳೂರು

ಕೋಟೆ ಬೀದಿ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಒಂದು ಫೈಟರ್ ಮೀನು ತಂದೆವು. ಗಂಡು, ಕಡು ನೀಲಿ ಬಣ್ಣ, ಬಾಲ ಬಿಚ್ಚಿದರೆ ಅರ್ಧಚಂದ್ರನ ಹಾಗೆ ಕಾಣುತ್ತದೆ. ಮೊದಲು ಅಂಗಡಿಯವರು ಕೊಟ್ಟ ಗಾಜಿನ ಬೌಲಿನಲ್ಲೇ ಇತ್ತು. ದಿನವಿಡೀ ತಳದಲ್ಲಿ ಸುಮ್ನೆ ಬಿದ್ದಿರುತ್ತಿತ್ತು, ನೋಡಿ ಸಂಕಟವಾಗಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದು, ಸ್ಪಾಂಜ್ ಫಿಲ್ಟರ್ ಹಾಕಿ ಎರಡು ತಿಂಗಳಾಯಿತು. ಈಗ ಚೆನ್ನಾಗಿ ಓಡಾಡುತ್ತದೆ.

ವಿಷಯ ಏನೆಂದರೆ, ಕಳೆದ ತಿಂಗಳು ಶೃಂಗೇರಿಗೆ ಹೋಗಿದ್ದೆವು. ತುಂಗೆಯ ಮೆಟ್ಟಿಲ ಹತ್ತಿರ ಮಂಡಕ್ಕಿ ಹಾಕಿದರೆ ಮೀನುಗಳು ರಾಶಿ ರಾಶಿ ಬರುತ್ತವಲ್ಲ, ಅದನ್ನು ನೋಡಿದ ಮೇಲೆ ಮಗಳು ಒಂದೇ ಹಠ. ಅಲ್ಲಿ ಅಷ್ಟೊಂದು ಮೀನು ಒಟ್ಟಿಗೆ ಇವೆ, ನಮ್ಮ ನೀಲಿ ಒಂದೇ ಇದೆ, ಅದಕ್ಕೆ ಬೇಜಾರಾಗುತ್ತದೆ ಅಂತ. ಅಂಗಡಿಯಲ್ಲಿ ಕೇಳಿದರೆ ನಾಲ್ಕು ಗಪ್ಪಿ, ಎರಡು ಏಂಜೆಲ್, ಗಾಜು ತೊಳೆಯಲು ಒಂದು ಸಕ್ಕರ್ ಹಾಕಿ, ಏನೂ ಆಗಲ್ಲ ಅಂದರು. ಪಕ್ಕದ ಮನೆ ಹುಡುಗ ಮಾತ್ರ, ಆಂಟಿ, ಬೆಳಿಗ್ಗೆ ಎದ್ದಾಗ ಎಲ್ಲ ಸತ್ತಿರುತ್ತವೆ ಅನ್ನುತ್ತಾನೆ. ನಮ್ಮ ಅತ್ತೆ, ಬೇರೆ ಯಾವುದೂ ಬೇಡ, ಒಂದು ಹೆಣ್ಣು ತಂದು ಜೋಡಿ ಮಾಡಿ ಅಂತಾರೆ. ಯಾರ ಮಾತು ಕೇಳಲಿ? ಪಕ್ಕದಲ್ಲಿ ಸ್ಟೀಲ್ ಡಬ್ಬಿ ಇಟ್ಟರೂ ತನ್ನ ನೆರಳು ನೋಡಿ ಕಿವಿರು ಅಗಲಿಸಿ ನಿಲ್ಲುವ ಮೀನು ಇದು. ಟ್ಯಾಂಕಿನಲ್ಲಿ ಹೀಟರ್ ಇಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.


ಹಾಸನದ ಟ್ಯಾಂಕು:

ಮೇಡಂ, ಪಕ್ಕದ ಮನೆ ಹುಡುಗನ ಮಾತು ಕೇಳಿ. ಅವನು ಹೇಳಿದ್ದು ಪೂರ್ತಿ ನಿಜ ಅಲ್ಲ, ಆದರೆ ಅಂಗಡಿಯವರ ಮಾತಿಗಿಂತ ಹತ್ತಿರ ಇದೆ.

ಮೊದಲು ಮಗಳ ಪ್ರಶ್ನೆಗೆ ಉತ್ತರ, ಯಾಕೆಂದರೆ ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ. ಶೃಂಗೇರಿಯ ಮೀನು ಗುಂಪಿನಲ್ಲಿ ಬದುಕುವ ಜಾತಿ. ಫೈಟರ್ ಹಾಗಲ್ಲ. ಅದರ ಮೂಲ ಊರು ಥಾಯ್ಲೆಂಡ್ ಕಡೆಯ ಭತ್ತದ ಗದ್ದೆ, ಜೌಗು, ನಿಂತ ನೀರು. ನಮ್ಮ ಮಲೆನಾಡಿನ ಗದ್ದೆಯಲ್ಲಿ ಮಳೆಗಾಲಕ್ಕೆ ನೀರು ನಿಂತಿರುತ್ತದಲ್ಲ, ಅಂಥದ್ದೇ ಜಾಗ. ಅಲ್ಲಿ ಒಂದೊಂದು ಗಂಡು ತನ್ನದೇ ಒಂದು ಜಾಗ ಹಿಡಿದು ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಹೆದರಿಸುತ್ತದೆ, ಜಗಳವಾಗುತ್ತದೆ, ಸೋತದ್ದು ಹುಲ್ಲಿನ ಸಂದಿಯಲ್ಲಿ ನುಸುಳಿ ಓಡಿಹೋಗುತ್ತದೆ, ಅಲ್ಲಿಗೆ ಮುಗಿಯಿತು. ಟ್ಯಾಂಕಿನಲ್ಲಿ ಓಡಿಹೋಗಲು ಜಾಗವೇ ಇಲ್ಲ. ಹಾಗಾಗಿ ಸೋತ ಮೇಲೂ ಏಟು ತಿನ್ನುತ್ತಲೇ ಇರುತ್ತದೆ, ಸಾಯುವುದು ಅದಕ್ಕೇ. ಥಾಯ್ ಭಾಷೆಯಲ್ಲಿ ಇದರ ಹೆಸರು ಪ್ಲಾ ಕಟ್, ಅಂದರೆ ಕಚ್ಚುವ ಮೀನು. 2019ರಲ್ಲಿ ಅದನ್ನು ಅವರ ರಾಷ್ಟ್ರೀಯ ಜಲಚರ ಅಂತ ಘೋಷಿಸಿದ್ದಾರೆ. ಮಗಳಿಗೆ ಇದನ್ನೆಲ್ಲ ಹೇಳಿ, ಖುಷಿಪಡುತ್ತಾಳೆ. ಒಂಟಿಯಾಗಿರುವುದು ಅದಕ್ಕೆ ಬೇಜಾರಿನ ವಿಷಯ ಅಲ್ಲ, ತನ್ನ ಜಾಗ ತನಗಿದೆ ಅನ್ನುವ ನೆಮ್ಮದಿ.

ಇನ್ನು ಅಂಗಡಿಯವರ ಪಟ್ಟಿ. ನಿಮ್ಮ ಟ್ಯಾಂಕ್ ಒಂದೂವರೆ ಘನ ಅಡಿ, ಒಂದು ಘನ ಅಡಿಗೆ 28 ಲೀಟರ್ ಲೆಕ್ಕದಲ್ಲಿ ತುಳುಕುವಷ್ಟು ತುಂಬಿದರೂ 42 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ 35 ಇರಬಹುದು. ಏಂಜೆಲ್ ಮೀನು ಅಂಗೈ ಅಗಲ ಬೆಳೆಯುತ್ತದೆ, ಅದಕ್ಕೆ ಒಂದಡಿ ಎತ್ತರ ಸಾಲದು, ದೊಡ್ಡದಾದ ಮೇಲೆ ಅದಕ್ಕೂ ತನ್ನ ಜಾಗದ ಹಠ ಬರುತ್ತದೆ. ಸಕ್ಕರ್ ಅಂತ ಮಾರುವ ಮೀನು ಒಂದಡಿಗೂ ಜಾಸ್ತಿ ಬೆಳೆಯುತ್ತದೆ! ಗಾಜು ತೊಳೆಯುವುದಕ್ಕಿಂತ ಅದು ಹಾಕುವ ಗಲೀಜೇ ಜಾಸ್ತಿ. ಗಪ್ಪಿ ಗಂಡಿಗೆ ಬಣ್ಣದ ಬಾಲ, ಬೀಸುತ್ತಾ ಓಡಾಡುತ್ತದೆ. ಫೈಟರ್ ಕಣ್ಣಿಗೆ ಅದು ಇನ್ನೊಂದು ಫೈಟರ್ ಹಾಗೇ. ನಾನು ಆರು ವರ್ಷದ ಹಿಂದೆ ಇದೇ ತಪ್ಪು ಮಾಡಿದೆ. ಮೂರು ಗಪ್ಪಿ ಹಾಕಿದೆ, ಎರಡನೇ ದಿನ ಒಂದರ ಬಾಲವೇ ಇರಲಿಲ್ಲ, ನಾಲ್ಕನೇ ದಿನ ಅದು ಹೋಯಿತು. ಈಗಲೂ ನೆನೆದರೆ ಬೇಸರವಾಗುತ್ತದೆ.

ಹಾಕಲೇಬಾರದ್ದು ಇನ್ನೂ ಇವೆ. ಗೌರಾಮಿ ಫೈಟರ್‌ನ ನೆಂಟನೇ, ಇಬ್ಬರಿಗೂ ಆಗಿಬರುವುದಿಲ್ಲ. ಟೈಗರ್ ಬಾರ್ಬ್, ಸರ್ಪೆ ಟೆಟ್ರಾ ಇವು ಉದ್ದ ಬಾಲ ಕಂಡರೆ ಕಚ್ಚಿ ಎಳೆಯುತ್ತವೆ, ಆಗ ಏಟು ತಿನ್ನುವುದು ನಿಮ್ಮ ನೀಲಿಯೇ. ಗೋಲ್ಡ್ ಫಿಶ್‌ಗೆ ತಣ್ಣನೆ ನೀರು ಬೇಕು, ಗಲೀಜೂ ಜಾಸ್ತಿ.

ಹಾಕಬಹುದಾದ್ದು ಅಂದರೆ ಸಣ್ಣದಾಗಿರಬೇಕು, ಬಾಲ ಉದ್ದ ಇರಬಾರದು, ಫೈಟರ್ ಮೇಲಿನ ಅರ್ಧದಲ್ಲಿ ಓಡಾಡುವುದರಿಂದ ಇವು ನಡುವೆಯೋ ತಳದಲ್ಲೋ ಇರುವ ಜಾತಿ ಆಗಿರಬೇಕು. ನಿಮ್ಮ ಅಳತೆಗೆ ನನ್ನ ಮೊದಲ ಆಯ್ಕೆ ಎಂಬರ್ ಟೆಟ್ರಾ. ಎರಡು ಸೆಂಟಿಮೀಟರ್ ಮೀನು, ಕೆಂಡದ ಬಣ್ಣ, ಎಂಟು ಹಾಕಿ. ಎರಡು ಮೂರು ಹಾಕಿದರೆ ಅವಕ್ಕೇ ಭಯ, ಗುಂಪಿದ್ದರೆ ಒಂದರ ಮೇಲೇ ಕಣ್ಣು ಬೀಳುವುದಿಲ್ಲ. ಹಾರ್ಲೆಕ್ವಿನ್ ರಾಸ್ಬೋರಾ ಕೂಡ ಒಳ್ಳೆಯದು, ಅದೂ ಥಾಯ್ಲೆಂಡ್, ಮಲೇಷ್ಯಾ ಕಡೆಯದೇ. ಆದರೆ ಅದು ನಾಲ್ಕೈದು ಸೆಂಟಿಮೀಟರ್ ಬೆಳೆದು ತುಂಬಾ ಓಡಾಡುತ್ತದೆ, ಎರಡು ಅಡಿ ಟ್ಯಾಂಕಿಗೆ ಸರಿ. ಕೋರಿ ಮೀನು ತುಂಬಾ ಸಾಧು, ತಳದಲ್ಲಿ ಮೂಗು ಹಾಕಿ ಹುಡುಕುತ್ತಾ ಇರುತ್ತದೆ, ಆದರೆ ಆರಾದರೂ ಇರಬೇಕು, ನುಣುಪಾದ ಮರಳು ಬೇಕು, ಅದಕ್ಕೂ ಎರಡು ಅಡಿ ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ಕಮ್ಮಿ ತಲೆನೋವು ಅಂದರೆ ನೆರೈಟ್ ಬಸವನಹುಳು. ಪಾಚಿ ತಿನ್ನುತ್ತದೆ, ಮೊಟ್ಟೆ ಇಟ್ಟರೂ ಸಿಹಿನೀರಿನಲ್ಲಿ ಮರಿ ಆಗುವುದಿಲ್ಲ.

ಹೀಟರ್ ವಿಷಯ ಬೇರೆಯವರು ಹೇಳಲಿ, ನನಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಾಯಿತು.


ಮೂಡಿಗೆರೆ ತೋಟದಿಂದ:

ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಫೈಟರ್ ಸಾಯುವುದು ಜಗಳದಿಂದಲ್ಲ, ಚಳಿಯಿಂದ. ಅಕ್ಕ, ಜೊತೆಗೆ ಯಾವ ಮೀನು ಅನ್ನುವ ಮೊದಲು ಒಂದು ಥರ್ಮಾಮೀಟರ್ ತನ್ನಿ. ಫೈಟರ್‌ಗೆ 24ರಿಂದ 28 ಡಿಗ್ರಿ ಬೇಕು. ಚಿಕ್ಕಮಗಳೂರಲ್ಲಿ ಡಿಸೆಂಬರ್, ಜನವರಿ ರಾತ್ರಿ 15ರ ಹತ್ತಿರ ಇಳಿಯುತ್ತದೆ. ಹೋದ ವರ್ಷ ನಮ್ಮ ಹಾಲಿನಲ್ಲಿಟ್ಟ ಟ್ಯಾಂಕಿನ ನೀರು ಬೆಳಿಗ್ಗೆ ಆರಕ್ಕೆ 18 ತೋರಿಸುತ್ತಿತ್ತು. ನಿಮ್ಮ ಮೀನು ಬೌಲಿನ ತಳದಲ್ಲಿ ಬಿದ್ದಿರುತ್ತಿತ್ತು ಅಂದಿರಲ್ಲ, ಅದು ಬೇಜಾರಲ್ಲ, ಬಹುಶಃ ಥಂಡಿ. ಥಂಡಿ ಆದ ಮೀನು ಜಗಳ ಆಡುವುದಿಲ್ಲ, ಅದನ್ನು ನೋಡಿ ನಮ್ಮ ಫೈಟರ್ ಸಾಧು ಅಂತ ಬೇರೆ ಮೀನು ಹಾಕುತ್ತಾರೆ, ಮಾರ್ಚ್ ಬಂದು ನೀರು ಬೆಚ್ಚಗಾದ ತಕ್ಷಣ ಅದರ ನಿಜವಾದ ಗುಣ ಹೊರಗೆ ಬರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

50 ವ್ಯಾಟ್ ಹೀಟರ್ ನಿಮಗೆ ಸಾಕು, 26ಕ್ಕೆ ಇಡಿ. ನೀರು ಬದಲಿಸುವಾಗ ಮೊದಲು ಪ್ಲಗ್ ತೆಗೆಯಿರಿ, ನೀರಿನಿಂದ ಹೊರಗೆ ಬಿಸಿಯಾದರೆ ಗಾಜು ಒಡೆಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಆಗ ಟ್ಯಾಂಕಿನ ಮೂರು ಕಡೆ ಥರ್ಮಾಕೋಲ್ ಹಲಗೆ ನಿಲ್ಲಿಸಿ ಮೇಲೆ ಹಳೆಯ ಕಂಬಳಿ ಹೊದಿಸುತ್ತೇನೆ, ಮೇಲೆ ಗಾಳಿಗೆ ಮಾತ್ರ ಸಂದು ಬಿಟ್ಟು. ಇನ್ನೊಂದು ಮಾತು. ಫೈಟರ್‌ಗೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಒಂದು ಅಂಗ ಇದೆ, ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಂಡು ಹೋಗುತ್ತದೆ. ಫಿಲ್ಟರ್ ನಿಂತರೂ ಅದು ಹೇಗೋ ತಡೆಯುತ್ತದೆ. ಟೆಟ್ರಾ, ರಾಸ್ಬೋರಾ ತಡೆಯುವುದಿಲ್ಲ. ಹಾಗಾಗಿ ಜೊತೆ ಮೀನು ತರುವುದಾದರೆ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಏರ್ ಪಂಪ್ ಒಂದು ಮನೆಯಲ್ಲಿರಲಿ. ನನ್ನ ಆರು ರಾಸ್ಬೋರಾದಲ್ಲಿ ನಾಲ್ಕು ಹೋಗಿದ್ದು ಒಂದೇ ರಾತ್ರಿ, ಫೈಟರ್ ಬದುಕಿಯೇ ಇತ್ತು.

ಬಸವನಹುಳು ತರುವವರಿಗೂ ಒಂದು ಎಚ್ಚರಿಕೆ, ತೋಟದ ಕಡೆಯವರಾದರೆ. ಹಳ್ಳದ ನೀರೋ, ಸ್ಪ್ರೇ ಡ್ರಮ್ಮಿನಲ್ಲಿ ಹಿಡಿದ ನೀರೋ ಹಾಕಲೇಬೇಡಿ. ಅಡಿಕೆಗೆ, ಕಾಫಿಗೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, ಅಂದರೆ ತಾಮ್ರ. ಬಸವನಹುಳು, ಸಿಗಡಿಗೆ ತಾಮ್ರ ಸ್ವಲ್ಪವೇ ಇದ್ದರೂ ವಿಷ. ನನ್ನ ನೆರೈಟ್ ಎರಡೂ ಒಂದು ವಾರದಲ್ಲಿ ಹೋದವು. ಮೀನಿಗೆ ಏನೂ ಆಗಿರಲಿಲ್ಲ, ಅದಕ್ಕೇ ಕಾರಣ ಹೊಳೆಯಲು ತಡವಾಯಿತು. ಆಮೇಲೆ ನೆನಪಾಯಿತು, ಹಿಂದಿನ ದಿನ ಔಷಧಿ ಕಲಸಿದ ಬಕೆಟಿನಲ್ಲೇ ಟ್ಯಾಂಕಿಗೆ ನೀರು ತುಂಬಿದ್ದೆ. ಬಕೆಟ್ ತೊಳೆದಿದ್ದೆ, ಆದರೂ ಸಾಲಲಿಲ್ಲ. ಈಗ ಟ್ಯಾಂಕಿಗೆ ಬೇರೆಯೇ ಬಕೆಟ್, ಅದನ್ನು ಯಾರೂ ಮುಟ್ಟುವ ಹಾಗಿಲ್ಲ.


ಕೊಪ್ಪದ ಹುಡುಗ:

ನನ್ನ ಅನುಭವ ಬೇರೆ. ನನ್ನ ಫೈಟರ್ ಜೊತೆ ಐದು ಗಪ್ಪಿ ಒಂದು ವರ್ಷದಿಂದ ಇವೆ, ಒಂದಕ್ಕೂ ಏನೂ ಆಗಿಲ್ಲ. ಆದರೆ ಐದೂ ಹೆಣ್ಣು, ಬೂದಿ ಬಣ್ಣ, ಟ್ಯಾಂಕ್ ಮೂರು ಅಡಿ, ಗಿಡ ಕಾಡಿನ ಹಾಗೆ ಬೆಳೆದಿದೆ. ಮೇಲೆ ಅಂತರಗಂಗೆ ಬಿಟ್ಟಿದ್ದೇನೆ, ಅದರ ಬೇರಿನ ಸಂದಿಯಲ್ಲಿ ಎಲ್ಲರಿಗೂ ಅಡಗಲು ಜಾಗ ಇದೆ. ಅದಕ್ಕೂ ಮುಂಚೆ ಇದ್ದ ಕೆಂಪು ಫೈಟರ್ ಮಾತ್ರ ಒಂದು ಬಸವನಹುಳುವನ್ನೂ ಬಿಡುತ್ತಿರಲಿಲ್ಲ. ಒಂದೊಂದರ ಸ್ವಭಾವ ಒಂದೊಂದು ಥರ.

ಇನ್ನೊಂದು ವಿಷಯ. ಕೆಲವರು ಜೀಬ್ರಾ ಲೋಚ್ ಹಾಕಿ ಅನ್ನುತ್ತಾರೆ. ಪಟ್ಟೆ ಪಟ್ಟೆ, ನೋಡಲು ಚಂದ, ನಮ್ಮ ಪಶ್ಚಿಮಘಟ್ಟದ ಹೊಳೆಗಳದ್ದೇ ಮೀನು. ಆದರೆ ದಯವಿಟ್ಟು ಬೇಡ. ಅದಕ್ಕೆ ಹರಿಯುವ ನೀರು, ಗುಂಪು, ದೊಡ್ಡ ಜಾಗ ಬೇಕು, ಫೈಟರ್‌ಗೆ ನಿಂತ ನೀರು ಇಷ್ಟ. ಅದೂ ಅಲ್ಲದೆ ಅದು ಅಳಿವಿನ ಅಂಚಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಹಳ್ಳದಲ್ಲಿ ಟವಲ್ ಹಿಡಿದು ಹಿಡಿದ ಮೀನನ್ನೂ ಫೈಟರ್ ಜೊತೆ ಬಿಡಬೇಡಿ, ಏನು ರೋಗ ತರುತ್ತದೋ ಗೊತ್ತಾಗುವುದಿಲ್ಲ. ಬೇಡವಾದ ಗಪ್ಪಿ, ಸಕ್ಕರ್‌ಗಳನ್ನು ಕೆರೆಗೂ ಹೊಳೆಗೂ ಬಿಡಬೇಡಿ. ಸಕ್ಕರ್ ಈಗಾಗಲೇ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಸೇರಿಕೊಂಡು ಇಲ್ಲಿನ ಮೀನುಗಳ ಜಾಗ ಹಿಡಿದಿದೆ.


ಕೋಟೆ ಬೀದಿ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆಯೇ ಥರ್ಮಾಮೀಟರ್ ತಂದೆ. ಇವತ್ತು ಬೆಳಿಗ್ಗೆ 20 ಇತ್ತು. ಇನ್ನೂ ಡಿಸೆಂಬರ್ ಬಂದೇ ಇಲ್ಲ! ಹೀಟರ್‌ಗೆ ಆರ್ಡರ್ ಹಾಕಿದ್ದೇನೆ. ಅತ್ತೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಹೆಣ್ಣು ಹಾಕಿದರೆ ಏನಾಗುತ್ತದೆ? ಆಮೇಲೆ, ಟೆಟ್ರಾ ತಂದರೆ ಹೇಗೆ ಬಿಡಬೇಕು? ಕವರ್ ಬಿಚ್ಚಿ ಸುರಿದರೆ ಆಯಿತಾ?


ಹಾಸನದ ಟ್ಯಾಂಕು:

ಸುರಿಯಬೇಡಿ ಮೇಡಂ. ಅತ್ತೆಗೆ ಹೇಳಿ, ಫೈಟರ್‌ನಲ್ಲಿ ಗಂಡ ಹೆಂಡತಿ ಸಂಸಾರ ಅಂತ ಇಲ್ಲ. ಮೊಟ್ಟೆ ಇಡಿಸುವ ಹೊತ್ತಿಗೆ ಮಾತ್ರ ಒಂದೆರಡು ದಿನ ಒಟ್ಟಿಗೆ ಬಿಡುತ್ತಾರೆ, ಮೊಟ್ಟೆ ಇಟ್ಟ ತಕ್ಷಣ ಹೆಣ್ಣನ್ನು ತೆಗೆಯದಿದ್ದರೆ ಗಂಡು ಅಟ್ಟಿಸಿಕೊಂಡು ಕಚ್ಚುತ್ತದೆ. ಮೊಟ್ಟೆ, ಮರಿ ಕಾಯುವುದು ಗಂಡೇ, ನೀರಿನ ಮೇಲೆ ನೊರೆಗುಳ್ಳೆಯ ಗೂಡು ಕಟ್ಟಿ. ನಿಮ್ಮ ನೀಲಿಯೂ ಒಮ್ಮೊಮ್ಮೆ ಆ ಥರ ನೊರೆ ಮಾಡಬಹುದು, ಹೆಣ್ಣು ಬೇಕು ಅಂತ ಅಲ್ಲ, ಅದರ ಅಭ್ಯಾಸ ಅಷ್ಟೇ. ಜೋಡಿ ಯೋಚನೆ ಬಿಟ್ಟುಬಿಡಿ.

ಹೊಸ ಮೀನು ಬಿಡುವ ಕ್ರಮ ನಾನು ಮಾಡುವುದು ಹೀಗೆ. ತಂದ ಮೀನನ್ನು ಮೊದಲು ಬೇರೆ ಟಬ್ಬಿನಲ್ಲಿ ಎರಡು ವಾರ ಇಡುತ್ತೇನೆ, ಕಡಿಮೆ ಅಂದರೆ ಎರಡು. ಮೈ ಮೇಲೆ ಉಪ್ಪಿನ ಹರಳು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ ಬಂದರೆ ಅಲ್ಲೇ ಗೊತ್ತಾಗುತ್ತದೆ, ನಿಮ್ಮ ನೀಲಿಗೆ ಹರಡುವುದಿಲ್ಲ. ಟಬ್ಬಿಗೆ ಸ್ಪಾಂಜ್ ಫಿಲ್ಟರ್ ಬೇಕು, ಇನ್ನೊಂದು ಸ್ಪಾಂಜನ್ನು ಈಗಲೇ ನಿಮ್ಮ ಟ್ಯಾಂಕಿನೊಳಗೆ ಹಾಕಿಡಿ, ಮೀನು ತರುವ ಹೊತ್ತಿಗೆ ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕೂತಿರುತ್ತದೆ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವುದು ಆ ಬ್ಯಾಕ್ಟೀರಿಯಾವೇ. ಅದಿಲ್ಲದ ಹೊಸ ನೀರಿನಲ್ಲಿ ಒಟ್ಟಿಗೆ ಎಂಟು ಮೀನು ಇಟ್ಟರೆ ಒಂದೇ ವಾರದಲ್ಲಿ ಮೀನು ಏದುಸಿರು ಬಿಡಲು ಶುರುಮಾಡುತ್ತದೆ. ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಬಿಡುವ ದಿನ ಮೊದಲು ನೀಲಿಯನ್ನು ಒಂದು ಡಬ್ಬಿಗೆ ತೆಗೆದುಕೊಳ್ಳಿ. ಕಲ್ಲು, ಗಿಡ, ಕಟ್ಟಿಗೆ ಎಲ್ಲದರ ಜಾಗ ಬದಲಾಯಿಸಿ. ಮೊದಲು ಟೆಟ್ರಾ ಬಿಡಿ. ಅವು ಜಾಗ ನೋಡಿಕೊಂಡ ಮೇಲೆ, ಸಂಜೆ ಲೈಟ್ ಆರಿಸಿ ನೀಲಿಯನ್ನು ವಾಪಸ್ ಬಿಡಿ. ಆಗ ಅದಕ್ಕೂ ಅದು ಹೊಸ ಜಾಗ, ನನ್ನ ಮನೆಗೆ ಯಾರೋ ನುಗ್ಗಿದರು ಅನ್ನಿಸುವುದಿಲ್ಲ. ಮೊದಲ ಎರಡು ದಿನ ಕಿವಿರು ಅಗಲಿಸುತ್ತದೆ, ಸ್ವಲ್ಪ ಅಟ್ಟುತ್ತದೆ. ಅದು ಪರವಾಗಿಲ್ಲ. ಒಂದೇ ಮೀನನ್ನು ಬಿಡದೆ ಅಟ್ಟುತ್ತಿದ್ದರೆ, ರೆಕ್ಕೆ ಹರಿದಿದ್ದರೆ, ಇಲ್ಲಾ ನೀಲಿಯೇ ಊಟ ಬಿಟ್ಟು ಹೀಟರ್ ಹಿಂದೆ ಅಡಗಿದರೆ ಅವತ್ತೇ ಬೇರೆ ಮಾಡಿ. ನಾಳೆ ಸರಿಹೋಗುತ್ತದೆ ಅಂತ ಕಾಯಬೇಡಿ. ಅದಕ್ಕೇ ಆ ಟಬ್ಬನ್ನು ಎತ್ತಿ ಅಟ್ಟಕ್ಕೆ ಹಾಕಬೇಡಿ ಅನ್ನುವುದು, ಒಂದು ತಿಂಗಳಾದರೂ ಕೈಗೆ ಸಿಗುವ ಹಾಗಿರಲಿ.

ಗಿಡ ಜಾಸ್ತಿ ಹಾಕಿ. ಕಾಡುಬಾದಾಮಿ ಮರದ ತಾನಾಗಿ ಉದುರಿದ ಒಣ ಎಲೆ ಒಂದೆರಡು ತೊಳೆದು ಹಾಕಿದರೆ ನೀರು ತಿಳಿ ಟೀ ಬಣ್ಣಕ್ಕೆ ಬರುತ್ತದೆ, ಫೈಟರ್‌ಗೆ ಅದು ಇಷ್ಟ, ಅಡಗಲು ನೆರಳೂ ಆಗುತ್ತದೆ. ಶಾಲೆ ಆವರಣದಲ್ಲಿ, ರಸ್ತೆ ಪಕ್ಕ ಇರುತ್ತದಲ್ಲ ಆ ಮರ, ಆದರೆ ರಸ್ತೆಯ ಧೂಳು ಹೊಗೆ ತಿಂದ ಎಲೆ ಬೇಡ. ಮುಚ್ಚಳ ಮರೆಯಬೇಡಿ, ಇದು ಜಿಗಿಯುವ ಮೀನು. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಇಂಚು ಗಾಳಿ ಇರಲಿ.


ಮೂಡಿಗೆರೆ ತೋಟದಿಂದ:

ಊಟದ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ. ಟೆಟ್ರಾಗೆ ಹಾಕಿದ್ದನ್ನೂ ಫೈಟರ್ ನುಂಗುತ್ತದೆ, ಹೊಟ್ಟೆ ಉಬ್ಬಿ ಈಜಲಾಗದೆ ಒದ್ದಾಡುತ್ತದೆ. ಮೊದಲು ಒಂದು ಮೂಲೆಯಲ್ಲಿ ಅದಕ್ಕೆ ಮೂರೋ ನಾಲ್ಕೋ ಕಾಳು ಕೊಟ್ಟು, ಅದು ತಿನ್ನುತ್ತಿರುವಾಗಲೇ ಇನ್ನೊಂದು ಮೂಲೆಯಲ್ಲಿ ಬೇರೆಯವಕ್ಕೆ ಪುಡಿ ಹಾಕಿ. ವಾರಕ್ಕೊಂದು ದಿನ ಉಪವಾಸ. ಈ ಕೆಲಸ ಮಗಳಿಗೇ ಕೊಡಿ ಅಕ್ಕ.


ಕೋಟೆ ಬೀದಿ ಅಮ್ಮ, ಐದು ವಾರದ ನಂತರ:

ಮೊದಲು ಹೀಟರ್ ಬಂತು. 26ಕ್ಕೆ ಇಟ್ಟ ಮೂರನೇ ದಿನಕ್ಕೆ ನೀಲಿ ಬೇರೆಯೇ ಮೀನು! ಬಣ್ಣ ಗಾಢವಾಯಿತು, ಬೆಳಿಗ್ಗೆ ಮಗಳು ಯೂನಿಫಾರಂ ಹಾಕಿಕೊಂಡು ಬಂದರೆ ಗಾಜಿನ ಹತ್ತಿರ ಬಂದು ಕಾಯುತ್ತದೆ. ಇಷ್ಟು ದಿನ ಅದು ಚಳಿಗೆ ಮುದುಡಿಕೊಂಡಿತ್ತು, ನಾವು ಅದನ್ನು ಒಂಟಿತನ ಅಂದುಕೊಂಡೆವು ಅನ್ನುವುದೇ ನನಗೆ ನೋವು.

ಮೂಡಿಗೆರೆಯವರ ಮಾತು ನೆನಪಿಟ್ಟು ಬೆಚ್ಚಗಾದ ಮೇಲೆ ಅದರ ಗುಣ ನೋಡೋಣ ಅಂತ ಮೊದಲು ಒಂದೇ ಒಂದು ನೆರೈಟ್ ಬಿಟ್ಟೆವು. ಹೊಸ ಬಕೆಟ್ ತಂದಿದ್ದೇವೆ, ಅದಕ್ಕೆ ನೀಲಿ ಟೇಪ್ ಸುತ್ತಿದ್ದೇವೆ. ಮೊದಲ ದಿನ ಅದರ ಮೀಸೆಗೆ ಎರಡು ಸಲ ಕುಟುಕಿತು, ಬಸವನಹುಳು ಚಿಪ್ಪಿನೊಳಗೆ ಸೇರಿಕೊಂಡಿತು, ಮಗಳು ಅತ್ತಳು. ಮೂರು ದಿನ ಹೀಗೇ ಆಯಿತು. ಆಮೇಲೆ ನೀಲಿ ಅದರ ಕಡೆ ನೋಡುವುದನ್ನೇ ಬಿಟ್ಟಿತು. ಈಗ ಮೂರು ವಾರವಾಯಿತು, ಗಾಜಿನ ಪಾಚಿಯೂ ಕಮ್ಮಿಯಾಗಿದೆ. ಟಬ್ಬು ತಯಾರಿದೆ, ಎರಡನೇ ಸ್ಪಾಂಜೂ ಟ್ಯಾಂಕಿನಲ್ಲಿ ಕೂತಿದೆ.

ಇಲ್ಲಿ ಎಂಬರ್ ಟೆಟ್ರಾ ಸಿಗಲಿಲ್ಲ. ಭಾನುವಾರ ಹಾಸನಕ್ಕೆ ಬರುತ್ತಿದ್ದೇವೆ, ಬಸ್ಸಿನಲ್ಲಿ. ವಾಪಸ್ ಬೇಲೂರಿನ ಮೇಲೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ, ಕವರಿನಲ್ಲಿ ಅಷ್ಟು ಹೊತ್ತು ಇರುತ್ತವಾ?


ಹಾಸನದ ಟ್ಯಾಂಕು:

ಇರುತ್ತವೆ ಮೇಡಂ. ಆಕ್ಸಿಜನ್ ತುಂಬಿಸಿ ಕಟ್ಟಲು ಹೇಳಿ, ಕವರಿನಲ್ಲಿ ಮೂರನೇ ಒಂದು ಭಾಗ ಮಾತ್ರ ನೀರು, ಉಳಿದದ್ದು ಗಾಳಿ. ಸಣ್ಣ ಥರ್ಮಾಕೋಲ್ ಡಬ್ಬಿ ತನ್ನಿ, ಸುತ್ತ ಪೇಪರ್ ತುರುಕಿ ಮುಚ್ಚಿದರೆ ಚಳಿಯೂ ತಾಗುವುದಿಲ್ಲ, ಕತ್ತಲೆಯಲ್ಲಿ ಮೀನೂ ಸುಮ್ಮನಿರುತ್ತದೆ. ಕಿಟಕಿ ಪಕ್ಕ ಇಡಬೇಡಿ, ಮಡಿಲಲ್ಲಿ ಇಟ್ಟುಕೊಳ್ಳಿ. ಮನೆಗೆ ಹೋದ ಮೇಲೆ ಕವರನ್ನು ಕಟ್ಟಿದ ಹಾಗೇ ಟಬ್ಬಿನ ನೀರಿನಲ್ಲಿ ಕಾಲು ಗಂಟೆ ತೇಲಿಸಿ, ಆಮೇಲೆ ಬಿಚ್ಚಿ ಟಬ್ಬಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿಯ ನೀರು ಟಬ್ಬಿಗೆ ಬೀಳಬಾರದು. ಅಂಗಡಿಯಲ್ಲಿ ಆರಿಸುವಾಗ ಒಂದು ಸಲ ಆ ಟ್ಯಾಂಕಿಗೆ ಊಟ ಹಾಕಿ ತೋರಿಸಲು ಕೇಳಿ, ಓಡಿ ಬಂದು ತಿನ್ನುವ ಮೀನನ್ನೇ ಹಿಡಿಸಿಕೊಳ್ಳಿ. ಅದೇ ಟ್ಯಾಂಕಿನಲ್ಲಿ ಒಂದು ಸತ್ತ ಮೀನು ಕಂಡರೂ ಖಾಲಿ ಡಬ್ಬಿ ಹಿಡಿದುಕೊಂಡು ವಾಪಸ್ ಹೋಗಿ, ಮುಂದಿನ ವಾರ ಬಂದರಾಯಿತು.